ಏರಿದವರು ಯಾರು, ಬಿದ್ದವರು ಯಾರು: ಐಎಚ್‌ಡಿಎಸ್ ದತ್ತಾಂಶದಲ್ಲಿ ಬಡತನದ ಲೆಕ್ಕ ಹಿಡಿಯುವ ಬಗೆ

2004–05ರಲ್ಲಿ ಶೇ. 38.6. 2011–12ರಲ್ಲಿ ಶೇ. 21.2. 2022–24ರಲ್ಲಿ ಶೇ. 8.5. ಭಾರತದ ಬಡವರ ಪ್ರಮಾಣ ಹೀಗೆ ಇಳಿದಿದೆ ಎಂದು ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಪತ್ರಿಕೆಗಳು ಈ ಮೂರು ಅಂಕಿಗಳನ್ನು ತಲೆಬರಹಕ್ಕೆ ತೆಗೆದುಕೊಂಡವು. ಅದೇ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿತ್ತು. ಕೊನೆಯ 8.5ರಲ್ಲಿ 3.2ರಷ್ಟು ಮಂದಿ ಮಾತ್ರ ಹಿಂದಿನಿಂದಲೂ ಬಡತನದಲ್ಲಿದ್ದವರು. ಮಿಕ್ಕ 5.3ರಷ್ಟು ಮಂದಿ ಮೊದಲು ಬಡವರಾಗಿರಲಿಲ್ಲ, ನಡುವೆ ಎಲ್ಲೋ ಬಿದ್ದವರು.

ಹುಟ್ಟಿನಿಂದ ಬಂದ ಬಡತನಕ್ಕೂ ನಡುಬದುಕಿನಲ್ಲಿ ಎರಗಿದ ಬಡತನಕ್ಕೂ ಮದ್ದು ಒಂದೇ ಅಲ್ಲ. ಒಮ್ಮೆ ಪಟ್ಟಿ ಮಾಡಿ ಕಾರ್ಡು ಕೊಟ್ಟು ವರ್ಷಗಟ್ಟಲೆ ಅದನ್ನೇ ನಡೆಸಿಕೊಂಡು ಹೋಗುವ ವ್ಯವಸ್ಥೆಯ ಕಣ್ಣಿಗೆ ಎರಡನೆಯ ಗುಂಪು ಬೀಳುವುದೇ ಇಲ್ಲ. ಆ ಗುಂಪು ಕಾಣಬೇಕಾದರೆ ಅದೇ ಮನೆಯ ಬಾಗಿಲಿಗೆ ವರ್ಷಗಳ ನಂತರ ಮತ್ತೆ ಹೋಗಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಗ್ರಾಹಕ ವೆಚ್ಚದ ಸುತ್ತುಗಳು ಪ್ರತಿ ಬಾರಿಯೂ ಹೊಸ ಮನೆಗಳನ್ನು ಆರಿಸುತ್ತವೆ. ಹಾಗಾಗಿ ಅವು ಎಷ್ಟು ಮಂದಿ ಬಡವರು ಎಂಬುದನ್ನು ಹೇಳಬಲ್ಲವು, ಅವರು ಯಾರು ಎಂಬುದನ್ನು ಹೇಳಲಾರವು. ನೂರು ಮನೆಯ ಊರಿನಲ್ಲಿ ಬಡ ಮನೆಗಳು 30ರಿಂದ 20ಕ್ಕೆ ಇಳಿದವು ಎಂದುಕೊಳ್ಳಿ. ಹತ್ತು ಮನೆ ಮೇಲೆದ್ದು ಇಪ್ಪತ್ತು ಅಲ್ಲೇ ಉಳಿದಿರಬಹುದು. ಮೂವತ್ತೂ ಮೇಲೆದ್ದು ಬೇರೆ ಇಪ್ಪತ್ತು ಕೆಳಗೆ ಬಿದ್ದಿರಲೂಬಹುದು. ಶೇಕಡಾವಾರು ಎರಡರಲ್ಲೂ ಒಂದೇ.

ಮೇಲಿನ ಅಂಕಿಗಳು ಬಂದದ್ದು ಹೀಗೆ ಹಳೆಯ ಮನೆಗಳಿಗೇ ಮತ್ತೆ ಹೋಗುವ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆಯಿಂದ, ಅಂದರೆ ಐಎಚ್‌ಡಿಎಸ್‌ನಿಂದ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಅದರ ಮೊದಲೆರಡು ಸುತ್ತುಗಳಿಂದ ಈ ಏರಿಳಿತದ ಕೋಷ್ಟಕವನ್ನು ಕಟ್ಟುವುದು ಹೇಗೆ, ಲೆಕ್ಕ ಎಲ್ಲೆಲ್ಲಿ ಹಳಿ ತಪ್ಪುತ್ತದೆ ಎಂಬುದು ಇಲ್ಲಿಯ ವಿಷಯ.

ಕೈಗೆ ಸಿಗುವುದು ಏನು

ಎನ್‌ಸಿಎಇಆರ್ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ನಡೆಸಿದ ಸಮೀಕ್ಷೆ ಇದು. ಮೊದಲ ಸುತ್ತು 2004–05ರಲ್ಲಿ ನಡೆಯಿತು. 1,503 ಹಳ್ಳಿ, 971 ನಗರ ಬಡಾವಣೆಗಳ 41,554 ಕುಟುಂಬಗಳು ಅದರಲ್ಲಿದ್ದವು. ಎರಡನೆಯ ಸುತ್ತು 2011–12ರಲ್ಲಿ, 42,152 ಕುಟುಂಬ. ಆದಾಯ, ವೆಚ್ಚ, ಸಾಲ, ಕಾಯಿಲೆ, ಶಾಲೆ, ಮದುವೆ, ಯಾರ ಪರಿಚಯ ಯಾರಿಗಿದೆ ಎನ್ನುವವರೆಗೆ ಪ್ರಶ್ನೆಗಳಿವೆ. ಸಾಲವನ್ನೂ ಆಸ್ಪತ್ರೆ ಖರ್ಚನ್ನೂ ಊಟದ ಖರ್ಚನ್ನೂ ಒಂದೇ ಮನೆಯಲ್ಲಿ ಕೇಳಿರುವುದು ಇದರ ದೊಡ್ಡ ಬಲ. ಅದರ ಬೆಲೆ ಮುಂದೆ ಗೊತ್ತಾಗುತ್ತದೆ.

ಕಡತಗಳು ಮಿಷಿಗನ್ ವಿಶ್ವವಿದ್ಯಾಲಯದ ಐಸಿಪಿಎಸ್‌ಆರ್ ಭಂಡಾರದಲ್ಲಿವೆ. ಮೊದಲ ಸುತ್ತಿನ ಸಂಖ್ಯೆ 22626, ಎರಡನೆಯದು 36151, ಎರಡನ್ನೂ ಜೋಡಿಸಿಟ್ಟ ಪ್ಯಾನೆಲ್ 37382. ಖಾತೆ ತೆರೆದು, ಯಾರನ್ನೂ ಗುರುತಿಸಲು ಯತ್ನಿಸುವುದಿಲ್ಲ ಎಂಬ ಷರತ್ತಿಗೆ ಒಪ್ಪಿದರೆ ಉಚಿತ. ಸ್ಟೇಟಾ, ಆರ್, ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ತಂತ್ರಾಂಶಗಳಲ್ಲಿ ಯಾವುದರಲ್ಲಾದರೂ ತೆರೆಯಬಹುದು. ವ್ಯಕ್ತಿಗಳ ಕಡತದಲ್ಲಿ ಎರಡು ಲಕ್ಷಕ್ಕೂ ಮೀರಿದ ಸಾಲುಗಳಿದ್ದರೂ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಹೊಸಬರು ನೇರವಾಗಿ 37382ಕ್ಕೆ ಹೋಗುವುದು ಸುಲಭ ಅನ್ನಿಸುತ್ತದೆ. ಆದರೂ ಒಮ್ಮೆ ಎರಡು ಬಿಡಿ ಕಡತಗಳನ್ನು ಕೈಯಾರೆ ಜೋಡಿಸಿ ನೋಡಬೇಕು. ಯಾವ ಮನೆ ಎಲ್ಲಿ ಕಳೆದುಹೋಯಿತು ಎಂಬುದು ಜೋಡಿಸಿದವರಿಗೆ ಮಾತ್ರ ಕಾಣುತ್ತದೆ.

ಜೋಡಣೆಗೆ ರಾಜ್ಯ, ಜಿಲ್ಲೆ, ಮಾದರಿ ಘಟಕ (ಸಮೀಕ್ಷೆಗೆ ಆರಿಸಿದ ಹಳ್ಳಿ ಅಥವಾ ಬಡಾವಣೆ), ಮನೆ, ಮನೆಯ ಕವಲು ಎಂಬ ಐದು ಸಂಖ್ಯೆಗಳು ಸೇರಿ ಒಂದು ಗುರುತು ಆಗುತ್ತವೆ. ಕೊನೆಯದನ್ನು ಮರೆತರೆ ಕೆಲಸ ಕೆಟ್ಟಿತು. ಜೋಡಿಸುವ ಮೊದಲು ಪ್ರತಿ ಕಡತದಲ್ಲೂ ಈ ಗುರುತು ಒಂದೊಂದು ಸಾಲಿಗೆ ಒಂದೊಂದೇ ಇದೆಯೇ ಎಂದು ಪರೀಕ್ಷಿಸಿ. ಎರಡು ಸಾಲಿಗೆ ಒಂದೇ ಗುರುತು ಸಿಕ್ಕರೆ ಮುಂದುವರಿಯಬೇಡಿ.

ಕವಲೊಡೆದ ಮನೆ

ಎರಡನೆಯ ಸುತ್ತಿನ 42,152 ಕುಟುಂಬಗಳಲ್ಲಿ 40,018 ಹಳೆಯ ಮನೆಗಳಿಂದ ಬಂದವು, 2,134 ಹೊಸದಾಗಿ ಸೇರಿಸಿದವು. ಇದನ್ನು ಓದಿದವರು 41,554ರಲ್ಲಿ 40,018 ಮತ್ತೆ ಸಿಕ್ಕವು, ಅಂದರೆ ಶೇ. 96 ಎಂದು ತಪ್ಪಾಗಿ ಲೆಕ್ಕ ಹಾಕುತ್ತಾರೆ. ನಿಜಕ್ಕೂ ಮತ್ತೆ ಸಿಕ್ಕ ಮೂಲ ಕುಟುಂಬಗಳು ಶೇ. 83, ಸುಮಾರು 34,500. ಅಣ್ಣತಮ್ಮಂದಿರು ಪಾಲಾದ ಮೇಲೆ ಅದೇ ಊರಿನಲ್ಲಿ ಬೇರೆ ಒಲೆ ಹೂಡಿದವರನ್ನೂ ಸಮೀಕ್ಷೆ ಹಿಂಬಾಲಿಸಿದ್ದರಿಂದ ಒಂದು ಮನೆ ಎರಡಾಗಿ, ಮೂರಾಗಿ ಸಂಖ್ಯೆ ಬೆಳೆದಿದೆ.

ಇದು ಕೋಷ್ಟಕವನ್ನು ಹೇಗೆ ಅಲುಗಾಡಿಸುತ್ತದೆ ಎಂದು ತೋರಿಸಲು ಒಂದು ಮನೆಯನ್ನು ಕಟ್ಟಿ ನೋಡೋಣ. ಇದು ದತ್ತಾಂಶದ ಮನೆಯಲ್ಲ, ಲೆಕ್ಕಕ್ಕೆಂದು ಮಾಡಿಕೊಂಡದ್ದು. ಕರ್ನಾಟಕದ ಹಳ್ಳಿ. 2004–05ರಲ್ಲಿ ಗಂಡ, ಹೆಂಡತಿ, ಗಂಡನ ತಾಯಿ, ಹಿರಿಯ ಮಗ, ಸೊಸೆ, ಕಿರಿಯ ಮಗ, ಮಗಳು, ಒಟ್ಟು ಏಳು ಜನ. ತಿಂಗಳ ವೆಚ್ಚ 3,150 ರೂಪಾಯಿ, ತಲಾ 450. ಬಡತನ ಅಳೆಯುವ ವಿಧಾನವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ಪ್ರಕಾರ ಆ ವರ್ಷ ಗ್ರಾಮೀಣ ಕರ್ನಾಟಕದ ಬಡತನ ರೇಖೆ ತಲೆಗೆ ಸುಮಾರು 418 ರೂಪಾಯಿ. ಮನೆ ಬಡತನದಲ್ಲಿಲ್ಲ.

ಏಳು ವರ್ಷ ಕಳೆಯಿತು. ಅಜ್ಜಿ ತೀರಿಕೊಂಡರು. ಮಗಳನ್ನು ಬೇರೆ ತಾಲ್ಲೂಕಿಗೆ ಕೊಟ್ಟಾಯಿತು. ಹಿರಿಯ ಮಗ ಪಾಲು ತೆಗೆದುಕೊಂಡು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬೇರೆಯಾದ. ಮೂಲ ಮನೆಯಲ್ಲಿ ಉಳಿದವರು ಮೂವರು, ತಿಂಗಳ ವೆಚ್ಚ 3,000, ತಲಾ 1,000. ಹಿರಿಯ ಮಗನ ಮನೆಯಲ್ಲಿ ನಾಲ್ವರು, ವೆಚ್ಚ 3,500, ತಲಾ 875. 2011–12ರ ಗ್ರಾಮೀಣ ರೇಖೆ 902. ಮೂಲ ಮನೆ ಮೇಲಿದೆ, ಕವಲು ಮನೆ ಕೆಳಗಿದೆ.

ಈಗ ಈ ಕುಟುಂಬ ಬಡತನಕ್ಕೆ ಬಿತ್ತೇ? ಕವಲಿನ ಸಂಖ್ಯೆ ಬಿಟ್ಟು ಜೋಡಿಸಿದವರು ಹಿರಿಯ ಮಗನ ಮನೆಯನ್ನು ಕಳೆದುಕೊಂಡು ಏನೂ ಆಗಲಿಲ್ಲ ಅನ್ನುತ್ತಾರೆ. ಮನೆಗಳನ್ನು ಎಣಿಸಿದವರು ಎರಡರಲ್ಲಿ ಒಂದು ಬಿತ್ತು ಅನ್ನುತ್ತಾರೆ. ಎರಡನೆಯ ಸುತ್ತಿನ ಜನರನ್ನು ಎಣಿಸಿದವರಿಗೆ ಏಳರಲ್ಲಿ ನಾಲ್ವರು ಬಡವರು, ಆದರೆ ಅದರಲ್ಲಿ ಇಬ್ಬರು 2004–05ರಲ್ಲಿ ಹುಟ್ಟಿಯೇ ಇರಲಿಲ್ಲ. ಮೊದಲ ಸುತ್ತಿನ ಏಳು ಜನರನ್ನು ಹಿಂಬಾಲಿಸಿದವರಿಗೆ ಐವರು ಸಿಗುತ್ತಾರೆ. ಮೂವರು ಮೇಲೆ, ಇಬ್ಬರು ಕೆಳಗೆ.

ನಾಲ್ಕೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಬಡತನದ ಶೇಕಡಾವಾರು ಎಂದು ನಾವು ದಿನನಿತ್ಯ ಓದುವುದು ಜನರ ಲೆಕ್ಕ, ಮನೆಗಳದ್ದಲ್ಲ. ಬಡ ಮನೆಗಳಲ್ಲಿ ತಲೆಗಳು ಹೆಚ್ಚು. ಹಾಗಾಗಿ ಮನೆಯ ವೇಯ್ಟ್ (ಮಾದರಿಯ ಒಂದು ಮನೆ ದೇಶದ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆ) ಒಂದನ್ನೇ ಹಾಕಿದರೆ ಬಡತನ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮನೆಯ ವೇಯ್ಟನ್ನು ಮನೆಮಂದಿಯ ಸಂಖ್ಯೆಯಿಂದ ಗುಣಿಸಬೇಕು. ಇನ್ನು ಯಾವ ಸುತ್ತಿನ ವೇಯ್ಟ್? 2004–05ರ ಜನ ಮುಂದೆ ಏನಾದರು ಎಂದು ಕೇಳಿದರೆ ಮೊದಲ ಸುತ್ತಿನದು. 2011–12ರ ಬಡವರು ಎಲ್ಲಿಂದ ಬಂದರು ಎಂದು ಕೇಳಿದರೆ ಎರಡನೆಯದು. 3.2 ಮತ್ತು 5.3ರಂಥ ಲೆಕ್ಕ ಎರಡನೆಯ ಬಗೆಯದು, ಕೊನೆಯ ವರ್ಷದಲ್ಲಿ ನಿಂತು ಹಿಂದೆ ತಿರುಗಿ ನೋಡುವುದು. ಹೊಸದಾಗಿ ಸೇರಿಸಿದ 2,134 ಮನೆಗಳಿಗೆ ಹಿಂದಿನ ಸಾಲೇ ಇಲ್ಲದ್ದರಿಂದ ಎರಡೂ ಲೆಕ್ಕದಿಂದ ಅವು ಹೊರಗೆ.

ಆ ಮಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಮದುವೆಯಾಗಿ ಹೋದ ಹೆಣ್ಣುಮಗಳನ್ನು ಗಂಡನ ಊರಿನವರೆಗೆ ಸಮೀಕ್ಷೆ ಹಿಂಬಾಲಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಹದಿಮೂರು, ಹದಿನಾಲ್ಕು ವರ್ಷದವರಾಗಿದ್ದ ಹುಡುಗಿಯರಲ್ಲಿ ಬಹಳಷ್ಟು ಮಂದಿ ಎರಡನೆಯ ಸುತ್ತಿನ ಹೊತ್ತಿಗೆ ಬೇರೆ ಮನೆಯವರಾಗಿರುತ್ತಾರೆ. ಅದೇ ವಯಸ್ಸಿನ ಹುಡುಗರು ಅಲ್ಲೇ ಇರುತ್ತಾರೆ. ಹಾಗಾಗಿ ಯುವಜನರ ಬದುಕು ಹೇಗೆ ಬದಲಾಯಿತು ಎಂದು ಈ ಪ್ಯಾನೆಲ್‌ನಿಂದ ಬರೆಯುವಾಗ ಅದು ಬಹುಪಾಲು ಊರಲ್ಲೇ ಉಳಿದವರ ಕಥೆ, ಅಂದರೆ ಹುಡುಗರ ಮತ್ತು ಇನ್ನೂ ಮದುವೆಯಾಗದ ಹುಡುಗಿಯರ ಕಥೆ. ಇದನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲೇ ಬರೆಯುವುದು ನ್ಯಾಯ.

ರೇಖೆ ಒಂದೇ ಇರಲಿ

ಮನೆ ಬಡತನದಲ್ಲಿದೆಯೇ ಇಲ್ಲವೇ ಎಂದು ಹೇಳುವ ಒಂದು ಕಾಲಂ ಎರಡೂ ಕಡತಗಳಲ್ಲಿ ಸಿದ್ಧವಾಗಿದೆ. ಹೆಸರೂ ಒಂದೇ, ‘ಪೂರ್’. ಎರಡನ್ನೂ ಅಕ್ಕಪಕ್ಕ ಇಟ್ಟು ಕೋಷ್ಟಕ ಮಾಡಿಬಿಡುವ ಆಸೆ ಬರುತ್ತದೆ. ತಡೆಯಿರಿ. ಮೊದಲ ಸುತ್ತಿನ ಕಡತ ಸಾರ್ವಜನಿಕರಿಗೆ ಸಿಕ್ಕ ಕಾಲಕ್ಕೆ ತೆಂಡೂಲ್ಕರ್ ಸಮಿತಿ ಇನ್ನೂ ವರದಿ ಕೊಟ್ಟಿರಲಿಲ್ಲ. ಅದು ಬಂದದ್ದು 2009ರ ಕೊನೆಗೆ. ಹಾಗಾಗಿ ಮೂಲ ಕಡತದ ‘ಪೂರ್’ ಹಳೆಯ ಯೋಜನಾ ಆಯೋಗದ ರೇಖೆಯದು, ಎರಡನೆಯ ಸುತ್ತಿನದು ತೆಂಡೂಲ್ಕರ್ ರೇಖೆಯದು.

ವ್ಯತ್ಯಾಸ ಸಣ್ಣದಲ್ಲ. ಸರ್ಕಾರದ ಅಧಿಕೃತ ಲೆಕ್ಕದಲ್ಲೇ 2004–05ರ ಬಡತನ ಹಳೆಯ ರೇಖೆಗೆ ಶೇ. 27.5, ತೆಂಡೂಲ್ಕರ್ ರೇಖೆಗೆ ಶೇ. 37.2. ಅದೇ ವರ್ಷ, ಅದೇ ಜನ. ಸಿದ್ಧ ಕಾಲಂಗಳನ್ನು ಹಾಗೇ ಹೋಲಿಸಿದರೆ ಬಿದ್ದವರ ಸಂಖ್ಯೆ ಉಬ್ಬುತ್ತದೆ, ಎದ್ದವರ ಸಂಖ್ಯೆ ಕುಗ್ಗುತ್ತದೆ. ಪರಿಹಾರ ಸರಳ: ತಲಾ ವೆಚ್ಚದ ಕಾಲಂ ತೆಗೆದುಕೊಂಡು, ರಾಜ್ಯಕ್ಕೆ ತಕ್ಕ, ಹಳ್ಳಿ-ಪಟ್ಟಣಕ್ಕೆ ತಕ್ಕ ತೆಂಡೂಲ್ಕರ್ ರೇಖೆಯನ್ನು ಎರಡೂ ಸುತ್ತಿಗೆ ನೀವೇ ಹಾಕಿ. ಕರ್ನಾಟಕಕ್ಕೆ ಗ್ರಾಮೀಣ 418 ಮತ್ತು 902, ನಗರ 588 ಮತ್ತು 1,089. ರೇಖೆಯಲ್ಲೇ ಬೆಲೆಯೇರಿಕೆ ಸೇರಿರುವುದರಿಂದ ವೆಚ್ಚವನ್ನು ಇನ್ನೊಮ್ಮೆ ಹಣದುಬ್ಬರಕ್ಕೆ ಸರಿಪಡಿಸಬೇಡಿ. ಹಾಗೆ ಎರಡು ಸಲ ಕಳೆದು ಕೋಷ್ಟಕ ಕೆಡಿಸಿಕೊಳ್ಳುವುದು ಸಾಮಾನ್ಯ.

ಮಾಡಿದ್ದು ಸರಿಯೇ ಎಂದು ತಿಳಿಯಲು ಒಟ್ಟು ಮೊತ್ತವನ್ನು ಅಧಿಕೃತ ಲೆಕ್ಕದ ಪಕ್ಕ ಇಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 37.2 ಮತ್ತು 21.9. ಐಎಚ್‌ಡಿಎಸ್‌ನಲ್ಲಿ 38.6 ಮತ್ತು 21.2. ಐಎಚ್‌ಡಿಎಸ್ ಕೇಳುವುದು ಸುಮಾರು ಐವತ್ತು ಬಾಬ್ತುಗಳ ವೆಚ್ಚವನ್ನು ಮಾತ್ರ, ರಾಷ್ಟ್ರೀಯ ಸಮೀಕ್ಷೆಯ ಉದ್ದನೆಯ ಪಟ್ಟಿಯನ್ನಲ್ಲ. ಆದರೂ ಎರಡು ಇಷ್ಟು ಹತ್ತಿರ ಬಂದಿವೆ. ನಿಮ್ಮ ಮೊತ್ತ ಇವುಗಳಿಂದ ಐದಾರು ಅಂಶ ದೂರವಿದ್ದರೆ ತಪ್ಪು ಸಾಮಾನ್ಯವಾಗಿ ವೇಯ್ಟ್‌ನಲ್ಲೋ ರೇಖೆಯಲ್ಲೋ ಇರುತ್ತದೆ.

ಆಸ್ಪತ್ರೆಯ ಬಿಲ್ಲು ಮನೆಯನ್ನು ಶ್ರೀಮಂತವಾಗಿಸುವಾಗ

ಈ ಇಡೀ ಕೆಲಸದಲ್ಲಿ ಅತ್ಯಂತ ನೋವಿನ ಮತ್ತು ಅತ್ಯಂತ ಸುಲಭವಾಗಿ ಕಣ್ತಪ್ಪುವ ದೋಷ ಇದು. ಐದು ಜನರ ಹಳ್ಳಿ ಮನೆ, ಊಟ ಉಡುಪು ಎಲ್ಲ ಸೇರಿ ತಿಂಗಳಿಗೆ 4,000 ರೂಪಾಯಿ, ತಲಾ 800. 902ರ ರೇಖೆಯ ಕೆಳಗೆ. ಆ ವರ್ಷ ದುಡಿಯುವ ಗಂಡಸು ಆಸ್ಪತ್ರೆ ಸೇರಿದ, 50,000 ರೂಪಾಯಿ ಬಡ್ಡಿಗೆ ತಂದು ಬಿಲ್ಲು ಕಟ್ಟಿದರು. ಆಸ್ಪತ್ರೆ ಖರ್ಚನ್ನು ವರ್ಷಕ್ಕೆ ಕೇಳಿ ಹನ್ನೆರಡರಿಂದ ಭಾಗಿಸುತ್ತಾರೆ. ತಿಂಗಳಿಗೆ 4,167 ಬಂತು. ಒಟ್ಟು 8,167, ತಲಾ 1,633. ಸಮೀಕ್ಷೆಯ ಕಾಲಂ ಪ್ರಕಾರ ಈ ಮನೆ ಬಡತನ ರೇಖೆಯ ಹತ್ತಿರ ಹತ್ತಿರ ಎರಡು ಪಟ್ಟಿನಲ್ಲಿದೆ. ಸಾಲಕ್ಕೆ ಸಿಕ್ಕಿ ಮುಳುಗುತ್ತಿರುವ ಮನೆ ಬಡತನದಿಂದ ಹೊರಬಂದವರ ಪಟ್ಟಿಗೆ ಸೇರಿಬಿಟ್ಟಿತು.

ಮದುವೆ ಖರ್ಚಿನದೂ ಇದೇ ಪಾಡು. ಬೀಳುವುದಕ್ಕೆ ಕಾರಣವಾಗುವ ಘಟನೆಗಳೇ ಆ ವರ್ಷ ವೆಚ್ಚವನ್ನು ಏರಿಸಿ ತೋರಿಸುತ್ತವೆ.

ಸಾಲದ ಪ್ರಶ್ನೆಗಳು ಇಲ್ಲಿ ಕೈ ಹಿಡಿಯುತ್ತವೆ. ಮನೆಯ ಅತಿ ದೊಡ್ಡ ಸಾಲ ಎಷ್ಟು, ಯಾರಿಂದ, ಯಾತಕ್ಕೆ ಎಂದು ಐಎಚ್‌ಡಿಎಸ್ ಕೇಳಿದೆ. ತಲಾ ವೆಚ್ಚವನ್ನು ಎರಡು ಬಗೆಯಲ್ಲಿ ಮಾಡಿಕೊಳ್ಳಿ, ಒಂದು ಇದ್ದಂತೆಯೇ, ಇನ್ನೊಂದು ಒಳರೋಗಿ ಚಿಕಿತ್ಸೆ ಮತ್ತು ಸಮಾರಂಭದ ಖರ್ಚು ಕಳೆದು. ಮೊದಲ ಲೆಕ್ಕದಲ್ಲಿ ಏರಿ, ಎರಡನೆಯದರಲ್ಲಿ ಏರದ ಮನೆಗಳನ್ನು ಬೇರೆ ತೆಗೆದು, ಅವುಗಳ ಸಾಲದ ಕಾಲಂ ನೋಡಿ. ಸಾಲದ ಕಾರಣ ಕಾಯಿಲೆ ಎಂದಿದ್ದರೆ ಆ ಮನೆಯನ್ನು ಎದ್ದವರ ಗುಂಪಿನಲ್ಲಿ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ರೇಖೆಯಲ್ಲಿ ಆರೋಗ್ಯದ ಖರ್ಚಿಗೂ ಸ್ವಲ್ಪ ಪಾಲಿರುವುದರಿಂದ ಎರಡನೆಯ ಲೆಕ್ಕ ಬಡತನವನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆ. ಅದಕ್ಕೇ ಎರಡನ್ನೂ ಅಚ್ಚು ಹಾಕಬೇಕು, ಒಂದನ್ನು ಬಚ್ಚಿಡಬಾರದು.

ರೇಖೆಯ ಅಂಚಿನವರು

ತಲಾ 890 ಇರುವ ಮನೆ ಬಡ ಮನೆ, 915 ಇರುವುದು ಅಲ್ಲ. ಐದು ಜನರ ಮನೆಗೆ ಈ ವ್ಯತ್ಯಾಸ ತಿಂಗಳಿಗೆ 125 ರೂಪಾಯಿ. ಹಬ್ಬದ ತಿಂಗಳಲ್ಲಿ ಕೇಳಿದರೋ ಕಳೆ ಕೀಳುವ ತಿಂಗಳಲ್ಲಿ ಕೇಳಿದರೋ, ಉತ್ತರ ಕೊಟ್ಟವರು ಅತ್ತೆಯೋ ಸೊಸೆಯೋ ಎಂಬುದರಲ್ಲೇ ಇಷ್ಟು ಏರುಪೇರಾಗುತ್ತದೆ. ಒಂದೇ ಸುತ್ತಿನಲ್ಲಿ ಇಂಥ ತಪ್ಪುಗಳು ಎರಡೂ ಕಡೆಗೆ ಹಂಚಿಹೋಗಿ ಶೇಕಡಾವಾರು ಅಷ್ಟೇನೂ ಅಲುಗುವುದಿಲ್ಲ. ಎರಡು ಸುತ್ತು ಜೋಡಿಸಿದಾಗ ಹಾಗಲ್ಲ. ಇಲ್ಲಿ ಪ್ರತಿ ತಪ್ಪೂ ಒಂದು ಏರಿಕೆಯಾಗಿಯೋ ಒಂದು ಬೀಳುವಿಕೆಯಾಗಿಯೋ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ಯಾನೆಲ್ ಲೆಕ್ಕ ಚಲನೆಯನ್ನು ಇರುವುದಕ್ಕಿಂತ ಹೆಚ್ಚಾಗಿಯೇ ತೋರಿಸುತ್ತದೆ.

ರೇಖೆಯ ಎರಡೂ ಬದಿಗೆ ಶೇ. 10ರ ಪಟ್ಟಿ ಎಳೆದು ನೋಡುವುದು ರೂಢಿಯಲ್ಲಿರುವ ಪರೀಕ್ಷೆ. ಗ್ರಾಮೀಣ ಕರ್ನಾಟಕಕ್ಕೆ 2004–05ರಲ್ಲಿ 376ರಿಂದ 460, 2011–12ರಲ್ಲಿ 812ರಿಂದ 992. ಮೇಲೆ ಕಟ್ಟಿದ ಮನೆಯನ್ನೇ ನೋಡಿ. ಮೊದಲು 450, ಪಟ್ಟಿಯ ಒಳಗೆ. ಹಿರಿಯ ಮಗನ ಮನೆ 875, ಅದೂ ಒಳಗೆ. ರೇಖೆಗೆ ಹೋಲಿಸಿದರೆ 1.08ರಿಂದ 0.97ಕ್ಕೆ ಬಂದಿದೆ, ಅಷ್ಟೇ. ಇದನ್ನು ಬಿದ್ದ ಮನೆ ಎಂದು ಘಂಟಾಘೋಷವಾಗಿ ಹೇಳಲಾಗದು. ಪಟ್ಟಿಯನ್ನು ಪೂರ್ತಿ ದಾಟಿದವರನ್ನು ಮಾತ್ರ ಎಣಿಸಿ ಇನ್ನೊಂದು ಕೋಷ್ಟಕ ಮಾಡಿ. ಅನುಮಾನದ ಮನೆಗಳಿಗೆ ಆಸ್ತಿಯ ಸಾಕ್ಷಿ ಕೇಳಿ. ಸೈಕಲ್, ಫ್ಯಾನು, ಟಿವಿ, ಪಕ್ಕಾ ಗೋಡೆ, ಶೌಚಾಲಯ ಹೀಗೆ ಸುಮಾರು ಮೂವತ್ತು ವಸ್ತು-ಸೌಕರ್ಯಗಳ ಎಣಿಕೆ ಎರಡೂ ಸುತ್ತಿನಲ್ಲಿದೆ. ವೆಚ್ಚ ಇಳಿದು ಆಸ್ತಿ ಏರಿದ್ದರೆ ಅದು ಕೆಟ್ಟ ತಿಂಗಳೇ ಹೊರತು ಕೆಟ್ಟ ಬದುಕಲ್ಲ. ಎರಡೂ ಇಳಿದಿದ್ದರೆ ಮನೆ ನಿಜಕ್ಕೂ ಕುಸಿದಿದೆ.

ಸಿಗದೇ ಹೋದವರು

ಮತ್ತೆ ಸಿಗದ ಶೇ. 17ರಷ್ಟು ಮನೆಗಳು ಎಲ್ಲೆಡೆ ಸಮನಾಗಿ ಹಂಚಿಲ್ಲ. ಹಳ್ಳಿಯಲ್ಲಿ ಹುಡುಕುವುದು ಸುಲಭ, ಊರವರಿಗೆ ಎಲ್ಲ ಗೊತ್ತಿರುತ್ತದೆ. ಪಟ್ಟಣದಲ್ಲಿ ಬಾಡಿಗೆಯವರು ಏಳು ವರ್ಷದಲ್ಲಿ ಎಷ್ಟು ಮನೆ ಬದಲಿಸಿರುತ್ತಾರೋ. ನಗರದ ಮಾದರಿಯಲ್ಲಿ ನಷ್ಟ ಹಳ್ಳಿಗಿಂತ ಬಹಳ ಹೆಚ್ಚು. ಊರು ಬಿಟ್ಟವರಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೋದವರೂ ಇದ್ದಾರೆ, ಗತಿಯಿಲ್ಲದೆ ಗುಳೆ ಹೋದವರೂ ಇದ್ದಾರೆ. ಅದಕ್ಕೇ ನಷ್ಟ ಯಾವ ದಿಕ್ಕಿಗೆ ವಾಲಿದೆ ಎಂದು ಊಹೆಯಿಂದ ಹೇಳಬಾರದು. ಮೊದಲ ಸುತ್ತಿನ ಎಲ್ಲ ಮನೆಗಳನ್ನೂ ತೆಗೆದುಕೊಂಡು, ಮತ್ತೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಉತ್ತರವಾಗಿಟ್ಟು, ಸ್ವಂತ ಮನೆ, ಜಮೀನು, ಮನೆಮಂದಿಯ ಸಂಖ್ಯೆ, ತಲಾ ವೆಚ್ಚ, ನಗರ-ಹಳ್ಳಿ ಇವನ್ನೆಲ್ಲ ಹಾಕಿ ಲಾಜಿಸ್ಟಿಕ್ ರಿಗ್ರೆಶನ್ ಓಡಿಸಿ, ಅಂದರೆ ಹೌದು-ಇಲ್ಲ ಎಂಬ ಉತ್ತರದ ಸಂಭವವನ್ನು ಅಂದಾಜು ಮಾಡುವ ಲೆಕ್ಕ. ಸಿಗುವ ಸಂಭವ 0.5 ಇರುವ ಬಗೆಯ ಮನೆ ಸಿಕ್ಕಿದ್ದರೆ ಅದು ಇಬ್ಬರ ಪರವಾಗಿ ಮಾತಾಡಬೇಕು, ಅಂದರೆ ಅದರ ವೇಯ್ಟ್ ಎರಡು ಪಟ್ಟು. ಹೀಗೆ ತಿದ್ದಿದ ನಂತರ ಉತ್ತರ ಹೆಚ್ಚು ಬದಲಾಗದಿದ್ದರೆ ಸಮಾಧಾನ. ಬದಲಾದರೆ ನಗರದ ಲೆಕ್ಕವನ್ನು ಪ್ರತ್ಯೇಕವಾಗಿ, ಎಚ್ಚರಿಕೆಯ ಮಾತಿನೊಂದಿಗೆ ಕೊಡಿ.

ಕರ್ನಾಟಕದ ಪಾಲು

ರಾಜ್ಯ ಕೋಡ್ 29. ಮೊದಲ ಸುತ್ತಿನಲ್ಲಿ ಕರ್ನಾಟಕದ ಮನೆಗಳು ಸುಮಾರು 4,000 ಇರುವುದರಿಂದ ರಾಜ್ಯಮಟ್ಟದ ಕೋಷ್ಟಕಕ್ಕೆ ಕೊರತೆಯಿಲ್ಲ. ಪಕ್ಕದಲ್ಲಿ ಇಟ್ಟು ನೋಡಲು ಅಧಿಕೃತ ಅಂಕಿ ಇವೆ: ರಾಜ್ಯದ ಬಡತನ 2004–05ರಲ್ಲಿ ಶೇ. 33.4, 2011–12ರಲ್ಲಿ ಶೇ. 20.9. ಜಿಲ್ಲೆಯ ಮಟ್ಟಕ್ಕೆ ಇಳಿಯುವಂತಿಲ್ಲ. ಸಮೀಕ್ಷೆಯನ್ನು ಜಿಲ್ಲೆಗಳ ಪ್ರತಿನಿಧಿಯಾಗಿ ರೂಪಿಸಿಲ್ಲ, ಮೇಲಾಗಿ ಜಿಲ್ಲಾ ಕೋಡು 2001ರ ಜನಗಣತಿಯದು. ಯಾದಗಿರಿಯನ್ನು ಹುಡುಕಿದರೆ ಸಿಗುವುದಿಲ್ಲ, ಅದು ಕಲಬುರಗಿಯ ಒಳಗಿದೆ. ಚಿಕ್ಕಬಳ್ಳಾಪುರ ಕೋಲಾರದ ಒಳಗೆ, ರಾಮನಗರ ಬೆಂಗಳೂರು ಗ್ರಾಮಾಂತರದ ಒಳಗೆ. ರಾಜ್ಯವನ್ನು ಹಳ್ಳಿ-ಪಟ್ಟಣ ಎಂದು ಎರಡು ಮಾಡಿದ ಮೇಲೆ ಜಾತಿ, ಜಮೀನು ಎಂದು ಇನ್ನೂ ಒಡೆಯುತ್ತ ಹೋದರೆ ನಗರದಲ್ಲಿ ಬಿದ್ದವರ ಮನೆ ಎಣಿಸಲು ಕೈಬೆರಳೇ ಸಾಕಾದೀತು. ವೇಯ್ಟ್ ಹಾಕದ ಎಣಿಕೆ ಐವತ್ತಕ್ಕಿಂತ ಕಡಿಮೆ ಇರುವ ಕೋಶದಲ್ಲಿ ಶೇಕಡಾವಾರು ಬರೆಯದಿರುವುದೇ ಲೇಸು. ಒಂದೇ ಹಳ್ಳಿಯ ಮನೆಗಳು ಒಂದೇ ಮಳೆಗೆ, ಒಂದೇ ಬರಕ್ಕೆ ಸಿಕ್ಕಿರುತ್ತವೆ. ಹಾಗಾಗಿ ದೋಷದ ಅಳತೆಯನ್ನು ಮಾದರಿ ಘಟಕದ ಮಟ್ಟದಲ್ಲಿ ಗುಂಪು ಮಾಡಿಯೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಸಣ್ಣ ವ್ಯತ್ಯಾಸಗಳೂ ಖಚಿತವೆಂಬಂತೆ ಕಾಣುತ್ತವೆ.

ಕೊನೆಯದು, ಬಿದ್ದದ್ದು ಏಕೆ ಎಂಬ ಪ್ರಶ್ನೆ. 2004–05ರಲ್ಲಿ ಬಡವರಲ್ಲದ ಮನೆಗಳನ್ನು ಮಾತ್ರ ತೆಗೆದುಕೊಂಡು, 2011–12ರಲ್ಲಿ ಬಿದ್ದವೇ ಎಂಬುದನ್ನು ಉತ್ತರವಾಗಿ ಇಡಿ. ಕಾರಣಗಳ ಸಾಲಿಗೆ ಮೊದಲ ಸುತ್ತಿನ ಕಾಲಂಗಳನ್ನಷ್ಟೇ ತನ್ನಿ: ನೀರಾವರಿ ಜಮೀನು ಇತ್ತೇ, ತಿಂಗಳ ಸಂಬಳದವರು ಒಬ್ಬರಾದರೂ ಇದ್ದರೇ, ಮನೆಯಲ್ಲಿ ಹೆಚ್ಚು ಓದಿದವರು ಎಷ್ಟನೇ ತರಗತಿ, ದುಡಿಯುವವರೆಷ್ಟು ಕೂತು ಉಣ್ಣುವವರೆಷ್ಟು. ಜಾನುವಾರು ಎಷ್ಟಿವೆ ಎಂಬ ಎರಡನೆಯ ಸುತ್ತಿನ ಕಾಲಂ ತಂದರೆ, ಹಸು ಇಲ್ಲದ್ದಕ್ಕೆ ಮನೆ ಬಿತ್ತೋ ಬಿದ್ದದ್ದಕ್ಕೆ ಹಸು ಮಾರಿದರೋ ತಿಳಿಯುವುದಿಲ್ಲ. ಇದಕ್ಕೆ ಒಂದೇ ವಿನಾಯಿತಿ ಎರಡು ಸುತ್ತಿನ ನಡುವೆ ಆದ ಸಾವು. ಮನೆಮಂದಿಯ ಪಟ್ಟಿಗಳನ್ನು ಜೋಡಿಸಿದಾಗ ಮೊದಲು ದುಡಿಯುತ್ತಿದ್ದವರು ಎರಡನೆಯ ಸುತ್ತಿಗೆ ತೀರಿಕೊಂಡಿದ್ದಾರೆ ಎಂದು ಬರುವ ಮನೆಗಳನ್ನು ಗುರುತಿಸಿ ಬೇರೆ ಕಾಲಂ ಮಾಡಿ, ಅದನ್ನು ಕಾರಣಗಳ ಜೊತೆ ಸೇರಿಸಿ. ವಿಧವಾ ವೇತನ ಬರುತ್ತಿದೆಯೇ, ಪಡಿತರ ಕಾರ್ಡು ಯಾವ ಬಗೆಯದು ಎಂಬ ಕಾಲಂಗಳೂ ಅದೇ ಕಡತದಲ್ಲಿವೆ. ದುಡಿಯುವವರು ಸತ್ತು ಬಡತನಕ್ಕೆ ಬಿದ್ದ ಮನೆಗಳಲ್ಲಿ ಎಷ್ಟರ ಕೈಗೆ ಬಡವರ ಕಾರ್ಡು ಸಿಕ್ಕಿದೆ ಎಂದು ಅಲ್ಲಿಂದ ನೇರವಾಗಿ ಎಣಿಸಬಹುದು.